ಬೇಟೆಗಿಡುಗಕ್ಕೆ ಎಂಥ ತಕ್ಕಡಿ?



ಈ ಅಂಕಣದಲ್ಲಿ ನಾವು ಇದುವರೆಗೆ ರಕ್ತದೊತ್ತಡ, ಮಧುಮೇಹ, ಬೇಸಿಗೆಯಲ್ಲಿ ದೇಹದ ನೀರು ಬತ್ತುವ ಅಪಾಯ, ಮಕ್ಕಳ ಲಸಿಕೆ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲದ ವಿಷಯ ಹಕ್ಕಿಯ ತೂಕ ಮತ್ತು ಅದನ್ನು ತೂಗುವ ತಕ್ಕಡಿ. ಮನುಷ್ಯರ ವೈದ್ಯರಿಗೆ ಗಿಡುಗದ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ಅಬುಧಾಬಿಯ ನಮ್ಮ ಕೂಟದಲ್ಲಿ ಬ್ಯಾಂಕಿನವರು, ಇಂಜಿನಿಯರುಗಳು, ದಾದಿಯರು, ಹೋಟೆಲಿನವರು ಇರುವಂತೆಯೇ ಅರಬರ ಮನೆಗಳಲ್ಲಿ ಗಿಡುಗಗಳನ್ನು ನೋಡಿಕೊಳ್ಳುವ ಇಬ್ಬರು ಮೂವರೂ ಇದ್ದಾರೆ. ಅವರಲ್ಲೊಬ್ಬರು ಆರೋಗ್ಯ ಶಿಬಿರದಲ್ಲಿ ಕೇಳಿದ ಪ್ರಶ್ನೆಯೊಂದು ನಮ್ಮನ್ನು ಈ ದಾರಿಗೆ ಎಳೆಯಿತು. ದಾರಿಯಲ್ಲಿ ಕಂಡದ್ದು ನಮ್ಮ ವೃತ್ತಿಗೆ ಅಷ್ಟೇನೂ ದೂರದ್ದಾಗಿರಲಿಲ್ಲ.

ಈ ನಾಡಿನಲ್ಲಿ ಗಿಡುಗಕ್ಕಿರುವ ಗೌರವವನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಶದ ಲಾಂಛನದಲ್ಲಿರುವುದು ಅದೇ ಹಕ್ಕಿ. ಅದಕ್ಕೆ ಪಾಸ್‌ಪೋರ್ಟ್ ಉಂಟು. ಗಲ್ಫಿನ ಕೆಲವು ವಿಮಾನಗಳಲ್ಲಿ ಯಜಮಾನನ ಪಕ್ಕದಲ್ಲಿಯೇ ಕುಳಿತು ಪ್ರಯಾಣ ಮಾಡುವ ಅನುಮತಿಯೂ ಉಂಟು. 1999ರಿಂದ ಅಬುಧಾಬಿಯಲ್ಲಿ ಗಿಡುಗಗಳಿಗೆಂದೇ ದೊಡ್ಡ ಆಸ್ಪತ್ರೆಯೊಂದು ನಡೆಯುತ್ತಿದೆ. ಗಿಡುಗ ಸಾಕಣೆಯ ವಿದ್ಯೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಕೋರಿದ ದೇಶಗಳ ಮುಂಚೂಣಿಯಲ್ಲಿ ಇದ್ದದ್ದು ಈ ದೇಶವೇ.

ಕನ್ನಡಿಗರಿಗೂ ಈ ವಿದ್ಯೆ ತೀರ ಹೊರಗಿನದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳನ್ನು ವಿವರಿಸುವಾಗ ಶ್ಯೇನವಿನೋದಕ್ಕೂ, ಅಂದರೆ ಗಿಡುಗದ ಬೇಟೆಗೂ, ಸ್ಥಾನ ಕೊಟ್ಟಿದ್ದಾನೆ. ನಮ್ಮ ಹಳೆಯ ಮಾತಿನಲ್ಲಿ ಬೇಟೆಯ ಹಕ್ಕಿಗೆ ಡೇಗೆ ಎಂಬ ಹೆಸರಿತ್ತು, ಸಾಳುವ ಎಂಬುದೂ ಇತ್ತು. ವಿಜಯನಗರವನ್ನಾಳಿದ ಸಾಳುವ ಮನೆತನದ ಹೆಸರಿನಲ್ಲಿ ಆ ಹಕ್ಕಿ ಇಂದಿಗೂ ಕುಳಿತಿದೆ. ನಮ್ಮನ್ನು ಪ್ರಶ್ನೆ ಕೇಳಿದ ಸದಸ್ಯರ ಊರು ಬಸವಕಲ್ಯಾಣದ ಸೀಮೆಯದು ಎಂದು ತಿಳಿದಾಗ ನಮಗೆ ಸೋಮೇಶ್ವರನ ನೆನಪಾಗದೆ ಇರಲಿಲ್ಲ. ಅವರಿಗೆ ಇದನ್ನು ಹೇಳಿದಾಗ ನಕ್ಕು, "ರಾಜಾ ಹಕ್ಕಿ ಹಾರಿಸ್ಯಾನ್ರಿ, ಕಾಟಾ ಹಿಡದವರು ನಮ್ಮಂಥವರೇ ಇರಬೇಕು" ಎಂದರು. ಇರಬಹುದು.

ಇನ್ನು ವಿಷಯಕ್ಕೆ ಬರೋಣ. ಗಿಡುಗ ನಾಯಿಯಂತೆ ಯಜಮಾನನ ಪ್ರೀತಿಗಾಗಿ ಮರಳಿ ಬರುವ ಪ್ರಾಣಿಯಲ್ಲ. ಆಕಾಶಕ್ಕೆ ಬಿಟ್ಟ ಹಕ್ಕಿ ಮತ್ತೆ ಮುಷ್ಟಿಗೆ ಇಳಿಯುವುದು ಅಲ್ಲಿ ಮಾಂಸವಿದೆ ಎಂಬ ನಂಬಿಕೆಯಿಂದ. ಹೊಟ್ಟೆ ತುಂಬಿದ ಹಕ್ಕಿ ಕಂಬದ ತುದಿಯಲ್ಲಿ ಕುಳಿತು ಗರಿ ನೀವಿಕೊಳ್ಳುತ್ತದೆ. ಕರೆದರೂ ತಿರುಗಿ ನೋಡುವುದಿಲ್ಲ, ಗಾಳಿ ಬಂದರೆ ಹೊರಟೇಹೋಗುತ್ತದೆ. ತೀರ ಹಸಿದ ಹಕ್ಕಿಗೆ ಹಾರುವ ಶಕ್ತಿಯೇ ಇರುವುದಿಲ್ಲ. ಇವೆರಡರ ನಡುವೆ ಆರೋಗ್ಯವೂ ಹಸಿವೂ ಒಟ್ಟಿಗೆ ಇರುವ ಕಿರಿದಾದ ಪಟ್ಟಿಯೊಂದಿದೆ. ಸಾಕುವವರು ಅದನ್ನು ಹಾರಾಟದ ತೂಕ ಎನ್ನುತ್ತಾರೆ. ಪ್ರತಿಯೊಂದು ಹಕ್ಕಿಗೂ ಅದು ಬೇರೆ. ಒಂದೇ ಹಕ್ಕಿಗೂ ಚಳಿ ಹೆಚ್ಚಾದಂತೆ, ಮೈಯಲ್ಲಿ ಸ್ನಾಯು ಬಲಿತಂತೆ ಅದು ಮೇಲೆ ಸರಿಯುತ್ತದೆ. ಆದ್ದರಿಂದ ದಿನವೂ ತೂಗಿ ಪುಸ್ತಕದಲ್ಲಿ ಬರೆದಿಡುವುದು ಪದ್ಧತಿ. ತೂಕ ಕಾರಣವಿಲ್ಲದೆ ಇಳಿಯತೊಡಗಿದರೆ ಅದು ರೋಗದ ಮೊದಲ ಸುಳಿವೂ ಹೌದು. ಶ್ವಾಸಕೋಶ ಮತ್ತು ಗಾಳಿಚೀಲಗಳಿಗೆ ಹತ್ತುವ ಆಸ್ಪರ್ಜಿಲ್ಲೋಸಿಸ್ ಎಂಬ ಬೂಷ್ಟಿನ ಸೋಂಕು ಸಾಕಿದ ಗಿಡುಗಗಳಲ್ಲಿ ಸಾಮಾನ್ಯ. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯ ತನಕ ಮುಚ್ಚಿಡುತ್ತದೆ. ತಕ್ಕಡಿಯ ಮುಂದೆ ಮಾತ್ರ ಮುಚ್ಚಿಡಲಾರದು.

ಅಂಕಿಗಳನ್ನು ಸ್ವಲ್ಪ ನೋಡೋಣ. ಇಲ್ಲಿ ಹುರ್ ಎಂದು ಕರೆಯುವ ಸೇಕರ್ ಜಾತಿಯ ಹೆಣ್ಣು ಸುಮಾರು 970ರಿಂದ 1,300 ಗ್ರಾಂ ತೂಗುತ್ತದೆ. ಗಂಡು 730ರಿಂದ 990. ಬೇಟೆಗಿಡುಗಗಳಲ್ಲಿ ಹೆಣ್ಣೇ ದೊಡ್ಡದು. ಉತ್ತರದ ಹಿಮಪ್ರದೇಶದ ಜೀರ್ ಜಾತಿಯ ಹೆಣ್ಣು ಒಂದೂವರೆ ಕಿಲೋ ದಾಟುವುದುಂಟು. ಇನ್ನೊಂದು ತುದಿಯಲ್ಲಿ ನಮ್ಮೂರ ಹೊಲಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಕೆಸ್ಟ್ರಲ್. ಅದರ ತೂಕ 200 ಗ್ರಾಂ ಆಸುಪಾಸು. ಒಂದು ಕಿಲೋ ಹಕ್ಕಿಯಲ್ಲಿ 5 ಗ್ರಾಂ ವ್ಯತ್ಯಾಸವೆಂದರೆ ಶೇಕಡಾ ಅರ್ಧ. ಕೆಸ್ಟ್ರಲ್‌ನಲ್ಲಿ ಅದೇ 5 ಗ್ರಾಂ ಶೇಕಡಾ ಎರಡೂವರೆ. ಎಪ್ಪತ್ತು ಕಿಲೋ ಮನುಷ್ಯನಲ್ಲಿ ಲೆಕ್ಕ ಹಾಕಿದರೆ ಅದು ಪೌನೆ ಎರಡು ಕಿಲೋ ಆಗುತ್ತದೆ. ಸಣ್ಣ ಹಕ್ಕಿಗೆ 1 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವ ತಕ್ಕಡಿಯೇ ಬೇಕು. ದೊಡ್ಡದಕ್ಕೆ 2 ಗ್ರಾಂ, ಕೊನೆಗೆ 5 ಗ್ರಾಂ ಆದರೂ ನಡೆದೀತು.

ಇದನ್ನು ಓದುವಾಗ ನಮ್ಮ ಹೌಸ್ ಸರ್ಜನ್ ದಿನಗಳ ಮಕ್ಕಳ ವಾರ್ಡು ಕಣ್ಣ ಮುಂದೆ ಬರುತ್ತದೆ. ಹುಟ್ಟಿದ ಕೂಸು ಮೊದಲ ಕೆಲವು ದಿನಗಳಲ್ಲಿ ತೂಕ ಕಳೆದುಕೊಳ್ಳುವುದು ಸಹಜ. ಇಳಿತ ಶೇಕಡಾ ಹತ್ತನ್ನು ಮುಟ್ಟಿತೆಂದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಮೂರು ಕಿಲೋ ಕೂಸಿಗೆ ಆ ಹತ್ತು ಎಂದರೆ 300 ಗ್ರಾಂ. ಬಟ್ಟೆಯೊಂದಿಗೆ ಒಮ್ಮೆ, ಬಟ್ಟೆಯಿಲ್ಲದೆ ಒಮ್ಮೆ ತೂಗಿದರೆ ಆ ಲೆಕ್ಕವೇ ತಲೆಕೆಳಗು. ತಾಯಿ ಮಗುವನ್ನು ಎತ್ತಿಕೊಂಡು ನಿಂತಾಗಿನ ತೂಕದಿಂದ ತಾಯಿಯೊಬ್ಬಳ ತೂಕವನ್ನು ಕಳೆಯುವ ಉಪಾಯ ದೊಡ್ಡ ಮಗುವಿಗೆ ಸರಿ. ಅದೇ ಉಪಾಯವನ್ನು ಗಿಡುಗಕ್ಕೆ ಬಳಸುವವರನ್ನು ನಾವು ಕಂಡಿದ್ದೇವೆ. ಮನೆಯ ಸ್ನಾನದ ಕೋಣೆಯ ತೂಕದ ಯಂತ್ರ 100 ಗ್ರಾಂಗೊಮ್ಮೆ ಅಂಕಿ ಬದಲಿಸುತ್ತದೆ. ಅಷ್ಟರಲ್ಲಿ ಗಿಡುಗ ಬದುಕಿನಿಂದ ಸಾವಿನ ಹೊಸ್ತಿಲಿಗೆ ಬಂದಿರುತ್ತದೆ.

ನಮ್ಮ ಸದಸ್ಯರ ಪ್ರಶ್ನೆ ಬಂದದ್ದು ಒಂದು ಅಕ್ಟೋಬರಿನಲ್ಲಿ. ಬೇಸಿಗೆಯಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಗರಿ ಉದುರಿಸಿ ಹೊಸ ಗರಿ ತೊಡುವ ಹಕ್ಕಿಗಳಿಗೆ ಆ ಕಾಲದಲ್ಲಿ ಯಥೇಚ್ಛ ಆಹಾರ. ಮಳೆಗಾಲ ಕಳೆದು ಊರಲ್ಲಿ ನವರಾತ್ರಿ ಬರುವ ಹೊತ್ತಿಗೆ ಇಲ್ಲಿ ಅವುಗಳ ಕೊಬ್ಬನ್ನು ಮೆಲ್ಲಮೆಲ್ಲನೆ ಇಳಿಸಿ ಹಾರಾಟಕ್ಕೆ ಅಣಿಗೊಳಿಸುವ ಕೆಲಸ ಮೊದಲಾಗುತ್ತದೆ. ಇಡೀ ವರ್ಷದಲ್ಲಿ ಅತ್ಯಂತ ನಾಜೂಕಿನ ವಾರಗಳು ಇವೇ. ರಕ್ತದೊತ್ತಡ ತೋರಿಸಿಕೊಳ್ಳಲು ಬಂದಿದ್ದ ಅವರು ತೋಳಪಟ್ಟಿ ಬಿಚ್ಚುವ ಮೊದಲೇ ಕೇಳಿದರು: "ಡಾಕ್ಟರ್ ಸಾಹೇಬ್ರ, ಕಾಟಾ ಒಂದು ಹೇಳ್ತದ, ನನ್ನ ಕೈ ಒಂದು ಹೇಳ್ತದ. ಯಾವ್ದು ನಂಬಬೇಕ್ರಿ?"

ಅವರ ಒತ್ತಡ ಅಂದು 160ರ ಮೇಲಿತ್ತು. ಮಾತ್ರೆ ತಪ್ಪಿಸಿರಲಿಲ್ಲ. ಕಾರಣ ಬೇರೆಯಿತ್ತು. ಹಿಂದಿನ ವರ್ಷ 1,010 ಗ್ರಾಂಗೆ ಸೊಗಸಾಗಿ ಹಾರಿದ್ದ ಹೆಣ್ಣು ಹುರ್ ಈ ವರ್ಷ ಅದೇ 1,010ಕ್ಕೆ ಇಳಿದರೂ ಮಂಕಾಗಿ ಕುಳಿತಿತ್ತು, ಕರೆದರೆ ಬರುತ್ತಿರಲಿಲ್ಲ. ಮನೆಯ ಕಿರಿಯ ಯಜಮಾನ ಇದನ್ನು ಕೊಬ್ಬಿನ ಮದವೆಂದು ತಿಳಿದು ಇನ್ನೂ 20 ಗ್ರಾಂ ಇಳಿಸಲು ಹೇಳಿದ್ದ. ಅತಿಥಿಗಳು ಬರುವವರಿದ್ದರು. ಆದರೆ ಇವರು ಎದೆಯ ಮೇಲೆ ಬೆರಳಿಟ್ಟರೆ ನಡುಮೂಳೆ ಚೂಪಾಗಿ ತಾಗುತ್ತಿತ್ತು. ಹಕ್ಕಿ ಸತ್ತರೆ ವೀಸಾವೂ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ, ಹೇಳಿದ ಮಾತು ಮೀರಿದರೂ ಅದೇ ಗತಿ ಎಂಬುದು ಇನ್ನೊಂದು ಕಡೆ. ಊರಿನಲ್ಲಿ ಮಗಳ ಕಾಲೇಜು ಶುಲ್ಕ ತುಂಬುವ ತಿಂಗಳು ಅದು.

ಸೊರಗಿದ ಹಕ್ಕಿಯೂ ಕೊಬ್ಬಿದ ಹಕ್ಕಿಯೂ ಹೊರನೋಟಕ್ಕೆ ಒಂದೇ ರೀತಿ ವರ್ತಿಸುತ್ತವೆ. ಎರಡೂ ಕರೆಗೆ ಓಗೊಡುವುದಿಲ್ಲ. ಈ ವಿದ್ಯೆಯಲ್ಲಿ ಇದಕ್ಕಿಂತ ಕ್ರೂರವಾದ ಬಲೆ ಬೇರೊಂದಿಲ್ಲ ಎಂದು ನಮಗನಿಸುತ್ತದೆ. ತಪ್ಪು ತಿಳಿದವನು ಆಹಾರ ಕಡಿಮೆ ಮಾಡುತ್ತಾನೆ, ಹಕ್ಕಿ ಇನ್ನಷ್ಟು ಮಂಕಾಗುತ್ತದೆ, ಅವನು ಇನ್ನಷ್ಟು ಕಡಿಮೆ ಮಾಡುತ್ತಾನೆ.

ಮುಂದಿನ ಶನಿವಾರ ಬೆಳಗ್ಗೆ ನಾವು ಅವರಲ್ಲಿಗೆ ಹೋದೆವು. ಪ್ರಯೋಗಾಲಯದಲ್ಲಿ ದುಡಿಯುವ ಕೂಟದ ಮಿತ್ರರೊಬ್ಬರು ತಮ್ಮ ಪರೀಕ್ಷೆಯ ತೂಕದ ಕಲ್ಲುಗಳೊಂದಿಗೆ ಜೊತೆಯಾದರು. ಹಳೆಯ ತಕ್ಕಡಿ ಬೇಸಿಗೆಯಲ್ಲಿ ಸಾಮಾನು ಸಾಗಿಸುವಾಗ ಮುರಿದಿತ್ತು. ಅದರ ಬದಲಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದಕ್ಕೆ ಒಂದು ಅಡಿ ಉದ್ದದ ಮರದ ಅಡ್ಡದಂಡವನ್ನು ಅಂಟಿಸಿ ಹಕ್ಕಿಗೆ ಕೂರಲು ಜಾಗ ಮಾಡಿದ್ದರು. ನೋಡಲು ಅಚ್ಚುಕಟ್ಟು. ಒಂದು ಕಿಲೋ ಕಲ್ಲನ್ನು ದಂಡದ ನಡುವೆ ಇಟ್ಟಾಗ 1,001 ಎಂದಿತು. ಎಡತುದಿಯಲ್ಲಿ ಇಟ್ಟಾಗ 1,028. ಬಲತುದಿಯಲ್ಲಿ 973. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ. ಹಕ್ಕಿಯನ್ನು ಇವರು ಎಡಗೈಯ ಮುಷ್ಟಿಯಿಂದ ಇಳಿಸುತ್ತಿದ್ದುದರಿಂದ ಅದು ದಿನವೂ ಎಡತುದಿಯನ್ನೇ ಹಿಡಿದು ಕೂರುತ್ತಿತ್ತು. ದಂಡವನ್ನು ನಡುವೆ ನಾಲ್ಕು ಬೆರಳಗಲ ಉಳಿಸಿ ಎರಡೂ ಕಡೆ ಕತ್ತರಿಸಿ, ಬುರ್ಕಾ ತೊಡಿಸಿದ ಹಕ್ಕಿಯನ್ನು ಅಲ್ಲಿ ಕೂರಿಸಿದಾಗ ತೂಕ 981 ಗ್ರಾಂ. (ಇಲ್ಲಿ ಬುರ್ಕಾ ಎಂದರೆ ಹಕ್ಕಿಯ ಕಣ್ಣು ಮುಚ್ಚುವ ಚರ್ಮದ ಟೋಪಿ; ಕತ್ತಲಾದರೆ ಗಿಡುಗ ಕಲ್ಲಿನಂತೆ ಶಾಂತ.) ಅಂದರೆ ಹಕ್ಕಿ ಹಿಂದಿನ ವರ್ಷದ ಕನಿಷ್ಠಕ್ಕಿಂತ ಆಗಲೇ ಸುಮಾರು 30 ಗ್ರಾಂ ಕೆಳಗಿತ್ತು, ಅದರಲ್ಲಿ ಇನ್ನೂ 20 ಇಳಿಸುವ ಅಪ್ಪಣೆಯಾಗಿತ್ತು.

ಅಷ್ಟರಲ್ಲಿ ಮನೆಯ ಹಿರಿಯರು ಮಜ್ಲಿಸಿನಿಂದ ಎದ್ದು ಬಂದರು. ಎಂಬತ್ತರ ಹತ್ತಿರದ ಮುದುಕರು. ಅಂಕಿಗಳ ಕಡೆ ಅವರು ನೋಡಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಕ್ಕಿಯ ಎದೆಮೂಳೆಯನ್ನು ಒಮ್ಮೆ ಸವರಿ ಮೊಮ್ಮಗನಿಗೆ ಅರಬ್ಬಿಯಲ್ಲಿ ಏನೋ ಹೇಳಿ ಒಳಗೆ ಹೋದರು. ನಮ್ಮವರು ಅನುವಾದಿಸಿದರು: "ಇದಕ್ಕ ಹಸಿವಿ ಅಲ್ಲ, ಇದು ಸೊರಗ್ಯದ ಅಂದ್ರು ನೋಡ್ರಿ." ಡಿಜಿಟಲ್ ತಕ್ಕಡಿ ಬರುವ ಮೊದಲು ಮರುಭೂಮಿಯಲ್ಲಿ ತಲೆಮಾರುಗಟ್ಟಲೆ ಹಕ್ಕಿಗಳನ್ನು ಹಾರಿಸಿದ್ದು ಈ ಬೆರಳುಗಳ ಬಲದಿಂದಲೇ. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಅಂಗನವಾಡಿಯಲ್ಲಿ ಮಗುವನ್ನು ತೂಗಿದರೆ ಸಾಲದೆಂದು ರಟ್ಟೆಗೆ ಪಟ್ಟಿ ಸುತ್ತಿ ನೋಡುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೂಕದ ಚೀಟಿ ಏನೇ ಹೇಳಲಿ, ಅದು ತೀವ್ರ ಅಪೌಷ್ಟಿಕತೆ. ಗಿಡುಗದ ಎದೆಯ ಸ್ನಾಯು ಆ ರಟ್ಟೆಯ ಹಾಗೆ.

ಹಕ್ಕಿಯನ್ನು ಅಂದೇ ಗಿಡುಗಗಳ ವೈದ್ಯರಲ್ಲಿಗೆ ಒಯ್ದರು. ಸೋಂಕಿನ ಲಕ್ಷಣ ಕಾಣಲಿಲ್ಲ. ಬರಿಹೊಟ್ಟೆಯ ಸೊರಗಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣಿಸುವುದು ಮದ್ದಲ್ಲ ಎಂಬುದು ಮನುಷ್ಯರಿಗೂ ಹಕ್ಕಿಗೂ ಸಮಾನವಾದ ಪಾಠ; ಮೂಳೆ, ಗರಿ ತೆಗೆದ ಮೃದು ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಲು ಹೇಳಿದರು. ಎರಡು ವಾರದ ಕೊನೆಗೆ ತೂಕ 1,030 ತಲುಪಿತು. ಅತಿಥಿಗಳು ಬಂದು ಹೋದರು; ಈ ಹಕ್ಕಿ ಅವರ ಮುಂದೆ ಹಾರಲಿಲ್ಲ, ಕಿರಿಯ ಯಜಮಾನ ಕೆಲವು ದಿನ ಇವರೊಡನೆ ಮಾತೂ ಆಡಲಿಲ್ಲವಂತೆ. ಆದರೆ ಹೊಸ ತಕ್ಕಡಿ ತರಲು ಹಣ ಕೊಟ್ಟವನು ಅವನೇ, ಯಾವುದನ್ನು ತರಬೇಕೆಂದು ನಮ್ಮನ್ನು ಕೇಳಲು ಹೇಳಿದವನೂ ಅವನೇ.

ಆಗ ನಾವು ಕೂಡಿ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇವೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ 0.1 ಗ್ರಾಂ ಎಂಬುದಕ್ಕೆ ಮರುಳಾಗಬಾರದು. ಅಂಕಿಯ ಸೂಕ್ಷ್ಮತೆ ಬೇರೆ, ಅಂಕಿಯ ನಿಜ ಬೇರೆ. ಎಲ್ಲಿ ಕೂತರೂ, ಎಷ್ಟು ಸಲ ತೂಗಿದರೂ ಒಂದೇ ಅಂಕಿ ಕೊಡುವ ತಕ್ಕಡಿ ಮೊದಲ ಆಯ್ಕೆ. ಅಗಲವಾದ ತಟ್ಟೆ, ಅದರ ನಟ್ಟನಡುವೆ ತಿರುಪಿನಿಂದ ಬಿಗಿದ ಗಿಡ್ಡ ದಂಡ, ಅದಕ್ಕೆ ಉಗುರು ಜಾರದಂತೆ ಕೃತಕ ಹುಲ್ಲಿನ ಹೊದಿಕೆ. ಗಿಡುಗಕ್ಕೆಂದೇ ತಯಾರಾಗಿ ಬರುವ ತಕ್ಕಡಿಗಳಲ್ಲಿ ದಂಡ ಜೊತೆಗೇ ಇರುತ್ತದೆ. ಅಂಗಡಿಯಲ್ಲಿ ಅಂಚಿನ ಪರೀಕ್ಷೆಯನ್ನು ಮಾಡಿಯೇ ಕೊಳ್ಳುವುದು ಒಳಿತು. ತೂಗುವ ಮಿತಿ ಹಕ್ಕಿಯ ತೂಕದ ಜೊತೆಗೆ ದಂಡದ ಭಾರವನ್ನೂ ಹೊರುವಂತಿರಲಿ. ಮೂರರಿಂದ ಐದು ಕಿಲೋ ಧಾರಾಳ ಸಾಕು.

ರೆಕ್ಕೆ ಬಿಚ್ಚಿ ಮೈ ಸರಿಪಡಿಸಿಕೊಳ್ಳುವ ಹಕ್ಕಿಯ ಅಂಕಿ ಓಡುತ್ತಲೇ ಇರುತ್ತದೆ. ಕೆಲವು ಕ್ಷಣಗಳ ಸರಾಸರಿ ತೆಗೆದು ನಿಲ್ಲಿಸುವ ಸೌಲಭ್ಯವಿದ್ದರೆ ಉಪಕಾರ. ಶಿಶುಗಳ ತೂಕದ ಯಂತ್ರಗಳಲ್ಲಿ ಇದು ಇದ್ದೇ ಇರುತ್ತದೆ, ಏಕೆಂದರೆ ಅಲ್ಲಿಯೂ ತೂಗಿಸಿಕೊಳ್ಳುವವರು ಕೈಕಾಲು ಬಡಿಯುತ್ತಾರೆ. ಇದಕ್ಕೆ ಪ್ರತಿಯಾಗಿ, ತಾನಾಗಿ ಆರಿಹೋಗುವ ಗುಣ ಒಂದು ಪೀಡೆ. ಹಕ್ಕಿಯನ್ನು ಓಲೈಸಿ ದಂಡಕ್ಕೆ ತರುವಷ್ಟರಲ್ಲಿ ಯಂತ್ರ ನಿದ್ದೆಹೋಗುತ್ತದೆ. ಮತ್ತೆ ಎಬ್ಬಿಸಿದಾಗ ಸೊನ್ನೆ ಎಲ್ಲಿಂದ ಹಿಡಿಯಿತೋ ಗೊತ್ತಾಗುವುದಿಲ್ಲ. ಅದನ್ನು ನಿಲ್ಲಿಸುವ ಗುಂಡಿ ಇರುವುದನ್ನೇ ಆರಿಸಬೇಕು. ಗ್ರಾಂನಿಂದ ಔನ್ಸಿಗೆ ಜಿಗಿಯುವ ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿಬಿಡುವುದು ಕ್ಷೇಮ. ಇಂಗ್ಲೆಂಡಿನ ಹಳಬರು ಈಗಲೂ ಪೌಂಡು ಔನ್ಸುಗಳಲ್ಲಿ ತೂಗುತ್ತಾರೆ. ಕಾಲು ಔನ್ಸು ಎಂದರೆ ಸುಮಾರು 7 ಗ್ರಾಂ. ಅವರ ಪುಸ್ತಕ ನೋಡಿ ಇಲ್ಲಿ ಗ್ರಾಂನಲ್ಲಿ ಬರೆಯುವವರು ಜಾಗ್ರತೆ ವಹಿಸಬೇಕು.

ಇಂಗ್ಲೆಂಡ್ ಎಂದಾಗ ಇನ್ನೊಂದು ಸ್ವಾರಸ್ಯ. ಎಲೆಕ್ಟ್ರಾನಿಕ್ ತಕ್ಕಡಿ ನಿಜವಾಗಿ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಭೂಮಧ್ಯರೇಖೆಯ ಕಡೆಗೆ ಬಂದಂತೆ ಆ ಬಲ ತುಸು ಕಡಿಮೆ. ಲಂಡನ್ನಿನಲ್ಲಿ ಸರಿಪಡಿಸಿದ ಯಂತ್ರವನ್ನು ಅಬುಧಾಬಿಗೆ ತಂದು ಹಾಗೆಯೇ ಬಳಸಿದರೆ ಒಂದು ಕಿಲೋಗೆ ಸುಮಾರು 2 ಗ್ರಾಂ ಕಡಿಮೆ ತೋರಿಸುತ್ತದೆ. ಇದು ಹಕ್ಕಿಯನ್ನು ಕೊಲ್ಲುವಷ್ಟಲ್ಲ; ಆದರೂ ಕಲ್ಲಿಟ್ಟು ಇಲ್ಲಿಯೇ ಮರುಹೊಂದಿಸುವ ಅನುಕೂಲವಿರುವ ಯಂತ್ರವೇಕೆ ಬೇಕು ಎಂಬುದಕ್ಕೆ ಒಳ್ಳೆಯ ನಿದರ್ಶನ. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ತೊಂದರೆಯಿಲ್ಲ; ಕಲ್ಲೂ ಹಕ್ಕಿಯೂ ಒಂದೇ ಭೂಮಿಯ ಮೇಲಿರುತ್ತವೆ. ಬ್ಯಾಟರಿಯೂ ಬೇಡ. ಅದನ್ನು ಇಟ್ಟುಕೊಂಡಿರುವವರನ್ನು ನಾವು ಹಳೆಯ ಕಾಲದವರೆಂದು ಎಣಿಸುವುದಿಲ್ಲ. ಆದರೆ ಸ್ಪ್ರಿಂಗಿನ ಮುಳ್ಳು ತಕ್ಕಡಿಯನ್ನು ನಾವು ಒಪ್ಪಲಾರೆವು. ಸ್ಪ್ರಿಂಗ್ ಕಾಲಕ್ರಮದಲ್ಲಿ ದಣಿಯುತ್ತದೆ, ಓದುವವನ ಕಣ್ಣು ಇರುವ ಕೋನಕ್ಕೆ ತಕ್ಕಂತೆ ಮುಳ್ಳು ಅತ್ತಿತ್ತ ಕಾಣುತ್ತದೆ.

ಬಿಸಿಲಲ್ಲಿ ನಿಂತ ಕಾರಿನೊಳಗೆ ತಕ್ಕಡಿ ಬಿಡಬಾರದು. ಮರಳಿನ ಮೇಲೆ ನೇರವಾಗಿ ಇಡದೆ ಹಲಗೆ ಹಾಸಿ ಮಟ್ಟ ನೋಡಬೇಕು. ತಟ್ಟೆಯ ಕೆಳಗೆ ಸೇರಿದ ಮರಳಿನ ಹರಳು ತೂಕವನ್ನು ತಾನೇ ಹೊತ್ತುಕೊಂಡು ಹಕ್ಕಿಯನ್ನು ಹಗುರ ಮಾಡಿ ತೋರಿಸುತ್ತದೆ. ಹವಾನಿಯಂತ್ರಕದ ಗಾಳಿ ನೇರವಾಗಿ ಬೀಸುವ ಜಾಗವೂ ಬೇಡ. ತೂಗುವುದು ಬೆಳಗ್ಗೆ, ಹಿಂದಿನ ದಿನದ ಗರಿ ಮೂಳೆಗಳ ಉಂಡೆಯನ್ನು ಹಕ್ಕಿ ಉಗುಳಿದ ಮೇಲೆ, ಕುತ್ತಿಗೆಯ ಬುಡದ ಆಹಾರಚೀಲ ಬರಿದಾಗಿರುವಾಗ. ಟೋಪಿ, ಕಾಲಿನ ಚರ್ಮಪಟ್ಟಿ, ಬೆನ್ನಿನ ಟ್ರಾನ್ಸ್‌ಮಿಟರ್ ಇವುಗಳಲ್ಲಿ ಯಾವುದು ಇತ್ತು ಯಾವುದು ಇರಲಿಲ್ಲ ಎಂಬುದನ್ನೂ ಪುಸ್ತಕದಲ್ಲಿ ಬರೆಯಬೇಕು. ಅದರ ಪಕ್ಕದಲ್ಲೇ ಇನ್ನೊಂದು ಅಂಕಣ: ಎದೆ ಬೆರಳಿಗೆ ಹೇಗೆ ತಾಗಿತು.

ನಮ್ಮ ಸದಸ್ಯರು ಕೊನೆಗೆ ಕೊಂಡದ್ದು 1 ಗ್ರಾಂ ಸೂಕ್ಷ್ಮತೆಯ, 5 ಕಿಲೋ ಮಿತಿಯ, ಉಕ್ಕಿನ ತಟ್ಟೆಯ ಸಾಧಾರಣ ತಕ್ಕಡಿ. ಜೊತೆಗೆ ಒಂದು ಕಿಲೋದ ಪರೀಕ್ಷೆಯ ಕಲ್ಲು. ಪ್ರತಿ ಬೆಳಗ್ಗೆ ಹಕ್ಕಿಗಿಂತ ಮೊದಲು ಕಲ್ಲು ದಂಡದ ಮೇಲೆ ಕೂರುತ್ತದೆ. ಪುಸ್ತಕದ ಎರಡನೆಯ ಅಂಕಣದಲ್ಲಿ ಅವರು ಕನ್ನಡದಲ್ಲಿ ಬರೆಯುತ್ತಾರೆ: 'ತುಂಬ್ಯದ', 'ಸಾಧಾರಣ', 'ಚೂಪು'. ಕಿರಿಯ ಯಜಮಾನ ಈ ಮೂರು ಪದಗಳನ್ನು ಓದಲು ಕಲಿತಿದ್ದಾನಂತೆ. ಡಿಸೆಂಬರಿನ ಎರಡನೆಯ ವಾರ ಹಕ್ಕಿ 1,025 ಗ್ರಾಂಗೆ ಹಾರಿ ಮುಷ್ಟಿಗೆ ಮರಳಿತು. ಅದಕ್ಕೂ ಮೊದಲೇ, ನವೆಂಬರಿನ ಶಿಬಿರದಲ್ಲಿ ಅವರ ರಕ್ತದೊತ್ತಡ 138ಕ್ಕೆ ಬಂದಿತ್ತು; ಅದೇ ಮಾತ್ರೆ, ಅದೇ ಪ್ರಮಾಣ.

ಮುಂದಿನ ಆರೋಗ್ಯ ಶಿಬಿರಕ್ಕೆ ಮಿತ್ರರು ಪರೀಕ್ಷೆಯ ಕಲ್ಲುಗಳನ್ನು ತರಲಿದ್ದಾರೆ. ಗಿಡುಗದ ತಕ್ಕಡಿಯಾಗಲಿ, ಕೂಸನ್ನು ತೂಗುವ ತಕ್ಕಡಿಯಾಗಲಿ, ಮನೆಯಲ್ಲಿರುವುದನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲೇ ಅದಕ್ಕೂ ಒಂದು ಮೇಜು ಹಾಕಿಸಿರುತ್ತೇವೆ. ಬ್ಯಾಟರಿ ಮಾತ್ರ ಮರೆಯದೆ ತನ್ನಿ.